ಮೂರನೆಯ ತರಗತಿಯ ಮಗುವಿಗೆ ಎಷ್ಟು ಹೋಂವರ್ಕ್ ಸರಿ?

ಪ್ರಶ್ನೆ: ಸುರತ್ಕಲ್‌ನ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮಂಗಳೂರಿನ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಮೂರನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಶಾಲೆಯ ವ್ಯಾನ್ ಅವಳನ್ನು ಮನೆಗೆ ಬಿಡುವಾಗಲೇ ಸಂಜೆ ಐದು ಗಂಟೆ ಕಳೆದಿರುತ್ತದೆ. ತಿಂಡಿ ತಿಂದು ಕುಳಿತರೆ ಇಂಗ್ಲಿಷ್ ಕೋಪಿ ಒಂದು ಪುಟ, ಕನ್ನಡ ಕೋಪಿ ಒಂದು ಪುಟ, ಗಣಿತದ ಲೆಕ್ಕಗಳು, ಪ್ರಶ್ನೋತ್ತರ ಬರೆಯುವುದು, ಮರುದಿನದ ಡಿಕ್ಟೇಶನ್‌ಗೆ ಸ್ಪೆಲ್ಲಿಂಗ್ ಬಾಯಿಪಾಠ ಮಾಡುವುದು ಎಂದು ಎಂಟು ಗಂಟೆಯವರೆಗೂ ಏಳುವ ಹಾಗಿಲ್ಲ.

ಕಳೆದ ವಾರ ಪರಿಸರ ಅಧ್ಯಯನಕ್ಕೆ ಐದು ಬಗೆಯ ಮನೆಗಳ ಚಿತ್ರ ಅಂಟಿಸಿ ತರಬೇಕೆಂದು ಡೈರಿಯಲ್ಲಿ ಬರೆದು ಕಳುಹಿಸಿದ್ದರು. ಸುರಿಯುವ ಮಳೆಯಲ್ಲಿ ನಾನು ಝೆರಾಕ್ಸ್ ಅಂಗಡಿಗೆ ಹೋಗಿ ಹಿಮದ ಮನೆ, ದೋಣಿಮನೆಗಳ ಕಲರ್ ಪ್ರಿಂಟ್ ತೆಗೆಸಿ ತಂದೆ. ಕತ್ತರಿಸಿದ್ದು ನಾನು, ಅಂಟಿಸಿದ್ದು ಅವಳ ಅಪ್ಪ. ತೂಕಡಿಸುತ್ತಲೇ ಕೆಳಗೆ ಹೆಸರು ಬರೆದದ್ದಷ್ಟೇ ಮಗಳ ಪಾಲಿನ ಕೆಲಸವಾಯಿತು. ಮಳೆಗಾಗಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ದಿನಗಳಲ್ಲಿಯೂ ತರಗತಿಯ ವಾಟ್ಸಾಪ್ ಗುಂಪಿಗೆ ಹೋಂವರ್ಕ್ ಬರುತ್ತದೆ; ಅದೇ ರಜೆಯನ್ನು ಮುಂದೆ ಶನಿವಾರ ಮಧ್ಯಾಹ್ನದ ತರಗತಿಗಳಲ್ಲಿ ಮತ್ತೆ ಸರಿದೂಗಿಸುತ್ತಾರೆ.

ಶಾಲೆಯಲ್ಲಿ ಕೇಳಿದಾಗ, ಹೆಚ್ಚಿನ ಪೋಷಕರು ಇನ್ನಷ್ಟು ಕೊಡಿ ಎನ್ನುತ್ತಾರೆ ಎಂಬ ಉತ್ತರ ಬಂತು. ಇದಕ್ಕೆ ಏನಾದರೂ ನಿಯಮವಿದೆಯೇ? ಶಾಲೆಯೊಡನೆ ಮನಸ್ತಾಪವಾಗದಂತೆ ಈ ಮಾತನ್ನು ಎತ್ತುವುದು ಹೇಗೆ?

ಉತ್ತರ 1: ಬಿ.ಸಿ. ರೋಡಿನ ಪೋಷಕ

ಮಿತಿಯನ್ನು ಸ್ಪಷ್ಟವಾಗಿಯೇ ಹೇಳಲಾಗಿದೆ. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೆಯ ತರಗತಿಯವರೆಗೆ ಹೋಂವರ್ಕ್ ಇರಕೂಡದು. ಮೂರರಿಂದ ಐದನೆಯ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ, ಒಂಬತ್ತರಿಂದ ಹನ್ನೆರಡಕ್ಕೆ ದಿನಕ್ಕೆ 2 ಗಂಟೆ. ನಿಮ್ಮ ಮಗಳು ಒಂದು ಸಂಜೆಯಲ್ಲಿ ಮಾಡುತ್ತಿರುವುದು ಒಂದು ವಾರಕ್ಕೆ ಹೇಳಿದ ಮಿತಿಯನ್ನೂ ಮೀರುತ್ತಿದೆ. ಇದಕ್ಕೂ ಮೊದಲು, 2018ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಹೋಂವರ್ಕ್ ಕೊಡಬಾರದೆಂದು ಆದೇಶಿಸಿತ್ತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರವು ಎಲ್ಲ ರಾಜ್ಯಗಳಿಗೂ ಆ ಬಗ್ಗೆ ಸೂಚನೆ ಕಳುಹಿಸಿತ್ತು. ನೀತಿಯ ಆ ಪುಟವನ್ನು ಮುದ್ರಿಸಿಕೊಂಡು ಪೋಷಕರ ಸಭೆಗೆ ಹೋಗಿ. ಬಾಯಿಮಾತಿಗಿಂತ ಕಾಗದಕ್ಕೆ ಬೆಲೆ ಹೆಚ್ಚು.

ಉತ್ತರ 2: ಉಡುಪಿಯ ನಿವೃತ್ತ ಗಣಿತ ಶಿಕ್ಷಕ

ಮೂರನೆಯ ತರಗತಿಯ ಮಗುವನ್ನು ರಾತ್ರಿ ಎಂಟರವರೆಗೆ ಬರೆಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಆದರೆ ಈ ಸಿಟ್ಟಿನಲ್ಲಿ ಹೋಂವರ್ಕೇ ಬೇಡ ಎನ್ನುವ ತೀರ್ಮಾನಕ್ಕೆ ಯಾರೂ ಬರಬಾರದೆಂದು ಕೇಳಿಕೊಳ್ಳುತ್ತೇನೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಮೊದಲನೆಯದು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಸ್ಥಾನ ಅದಲುಬದಲಾಯಿತೇ ಹೊರತು ಮೊದಲೆರಡು ಸ್ಥಾನ ಕರಾವಳಿಯಲ್ಲಿಯೇ ಉಳಿಯಿತು. ಈ ಫಲಿತಾಂಶದ ಹಿಂದೆ ಮಕ್ಕಳು ಮನೆಯಲ್ಲಿ ಕುಳಿತು ಮಾಡಿದ ಅಭ್ಯಾಸವಿದೆ. ಚೆಂಡೆ ಕಲಿಯುವವನು ಗುರುಗಳ ಎದುರಿನಲ್ಲಿ ಮಾತ್ರ ಬಾರಿಸಿದರೆ ಕೈ ಪಳಗುವುದಿಲ್ಲ, ಬೀಜಗಣಿತವೂ ಹಾಗೆಯೇ.

ಅಭ್ಯಾಸದಿಂದ ಯಾವ ವಯಸ್ಸಿನಲ್ಲಿ ಪ್ರಯೋಜನ ಹೆಚ್ಚು ಎಂಬುದನ್ನು ಮಾತ್ರ ಬೇರೆಯಾಗಿಯೇ ಕೇಳಿಕೊಳ್ಳಬೇಕು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಅಲ್ಲಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಬರಹದಲ್ಲಿ, ಹೋಂವರ್ಕಿಗೂ ಕಲಿಕೆಗೂ ಇರುವ ನಂಟು ಏಳನೆಯ ತರಗತಿಯಿಂದ ಮೇಲೆ ಬಲವಾಗಿ, ಅದಕ್ಕಿಂತ ಕೆಳಗೆ ದುರ್ಬಲವಾಗಿ ಕಂಡಿತು. ಹೈಸ್ಕೂಲಿನ ಮಗುವಿಗೆ ದಿನಕ್ಕೆ ಐದು ಲೆಕ್ಕ ಕೊಡದ ಶಿಕ್ಷಕ ಕರ್ತವ್ಯಲೋಪ ಮಾಡುತ್ತಿದ್ದಾನೆ ಎಂದೇ ನನ್ನ ಭಾವನೆ. ಆದರೆ ಅದೇ ವಾದವನ್ನು ಎಂಟು ವರ್ಷದ ಮಗುವಿನ ಮೇಲೆ ಹೇರಲು ಬರುವುದಿಲ್ಲ.

ಉತ್ತರ 3: ಶಿರ್ವ ಸಮೀಪದ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ

ಗಂಟೆಗಳ ಲೆಕ್ಕ ಮುಖ್ಯವೇ ಆದರೂ, ಅದಕ್ಕಿಂತ ಮೊದಲು ನಾವು ಕೇಳಬೇಕಾದದ್ದು, ಈ ಕೆಲಸವನ್ನು ಮಗು ಯಾರ ಸಹಾಯವೂ ಇಲ್ಲದೆ ಮಾಡಬಲ್ಲದೇ ಎಂದು. ನಮ್ಮ ಜಿಲ್ಲೆಗಳಲ್ಲಿ ಮನೆಯ ಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರುತ್ತದೆ, ತಾಯಿ ಕನ್ನಡ ಮಾಧ್ಯಮದಲ್ಲಿ ಓದಿರುತ್ತಾರೆ, ಮಗುವಿನ ಡೈರಿ ಇಂಗ್ಲಿಷಿನಲ್ಲಿರುತ್ತದೆ. ದಿನವಿಡೀ ಗೋಡಂಬಿ ಕಾರ್ಖಾನೆಯಲ್ಲಿ ದುಡಿದು ಬಂದ ತಾಯಿಗೆ ಆ ಡೈರಿಯನ್ನು ಓದಲಾಗದಿದ್ದರೆ, ಮರುದಿನ ತರಗತಿಯಲ್ಲಿ ನಿಲ್ಲಿಸುವುದು ಮಗುವನ್ನು. ಹೀಗಾಗಿಯೇ ಒಂದನೆಯ ತರಗತಿಯಿಂದ ಟ್ಯೂಷನ್ ಶುರುವಾಗುತ್ತದೆ, ಮತ್ತು ಆ ಹಣವನ್ನು ಹೊಂದಿಸಲಾಗದ ಮನೆಯ ಮಗು ಹಿಂದೆ ಬೀಳುತ್ತದೆ. ನನಗೆ ಹೋಂವರ್ಕಿನ ವಿಷಯದಲ್ಲಿ ಅತ್ಯಂತ ನೋವು ಕೊಡುವುದು ಇದೇ ಅನ್ಯಾಯ.

ಮಕ್ಕಳ ಕಲಿಕೆಯ ಹೊರೆಯನ್ನು ತಗ್ಗಿಸುವ ದಾರಿ ಹುಡುಕಲು ಕೇಂದ್ರ ಸರ್ಕಾರ ನೇಮಿಸಿದ್ದ ಪ್ರೊಫೆಸರ್ ಯಶಪಾಲ್ ಸಮಿತಿಯು 1993ರಲ್ಲಿಯೇ ಪ್ರಾಥಮಿಕ ತರಗತಿಗಳಲ್ಲಿ ಹೋಂವರ್ಕ್ ಬೇಡ, ಮನೆಯ ಪರಿಸರದಲ್ಲಿ ಹುಡುಕಿ ತಿಳಿಯುವಂಥದ್ದು ಮಾತ್ರ ಇರಲಿ ಎಂದಿತ್ತು. ಇದು ಆಗದ ಮಾತೇನಲ್ಲ. ಶಂಕರಪುರದ ಸುತ್ತಮುತ್ತ ಮನೆ ಮನೆಯಲ್ಲಿ ಮಲ್ಲಿಗೆ ಕಟ್ಟುತ್ತಾರೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಟ್ಟೆಯ ದರ ದಿನದಿನಕ್ಕೆ ಬದಲಾಗುತ್ತದೆ. ಇವತ್ತು ಮನೆಯಲ್ಲಿ ಎಷ್ಟು ಚೆಂಡು ಆಯಿತು, ದರ ಎಷ್ಟು, ಒಟ್ಟು ಎಷ್ಟು ಹಣ ಬರಬೇಕು ಎಂದು ಕೇಳಿಕೊಂಡು ಬರಲು ನಾಲ್ಕನೆಯ ತರಗತಿಯ ಮಕ್ಕಳಿಗೆ ಹೇಳಿದೆ. ಮರುದಿನ ಒಬ್ಬ ಹುಡುಗ, ಮೂರು ಚೆಂಡಾದರೆ ಅಟ್ಟೆಯ ದರವನ್ನು ನಾಲ್ಕು ಪಾಲು ಮಾಡಿ ಅದರಲ್ಲಿ ಮೂರು ಪಾಲು ತೆಗೆದುಕೊಳ್ಳಬೇಕೆಂದು ಅಜ್ಜಿ ಬಾಯಿಲೆಕ್ಕದಲ್ಲಿ ಹೇಳಿದ್ದನ್ನು ತರಗತಿಗೆ ವಿವರಿಸಿದ. ಭಿನ್ನರಾಶಿಯ ಪಾಠವನ್ನು ನಾನು ಅಲ್ಲಿಂದಲೇ ಆರಂಭಿಸಿದೆ. ಆ ಮನೆಯಲ್ಲಿ ಯಾರೂ ಪ್ರಿಂಟ್ ತೆಗೆಸಬೇಕಾಗಲಿಲ್ಲ, ಇಂಗ್ಲಿಷ್ ಓದಬೇಕಾಗಲಿಲ್ಲ. ಅಜ್ಜಿಗೆ ಗೊತ್ತಿದ್ದದ್ದೇ ಸಾಕಾಯಿತು.

ಸುರತ್ಕಲ್‌ನ ತಾಯಿಯವರೇ, ನಿಮ್ಮ ಮಗಳಿಗೂ ಹಿಮದ ಮನೆಯ ಬದಲು ನಿಮ್ಮ ಬೀದಿಯ ಹಂಚಿನ ಮನೆಯನ್ನೂ ತಾರಸಿ ಮನೆಯನ್ನೂ ನೋಡಿ ಚಿತ್ರ ಬಿಡಿಸಲು ಹೇಳಬಹುದಿತ್ತು. ಈ ಮಳೆಯ ಊರಿನಲ್ಲಿ ಮನೆಯ ಮಾಡು ಏಕೆ ಇಳಿಜಾರಾಗಿರುತ್ತದೆ ಎಂದು ಕೇಳಿದ್ದರೆ ಪಾಠವೂ ಆಗುತ್ತಿತ್ತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನೀತಿಯ ಪುಟವನ್ನು ಸಭೆಗೆ ಒಯ್ಯುತ್ತೇನೆ. ಒಂದು ಸಂದೇಹ ಉಳಿದಿದೆ. ತಾನು ಕೊಡುವುದು ಇಪ್ಪತ್ತೇ ನಿಮಿಷದ ಕೆಲಸ ಎಂದು ಪ್ರತಿಯೊಬ್ಬ ಟೀಚರೂ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆಗ ಏನು ಹೇಳಲಿ?

ಉತ್ತರ 4: ಉಡುಪಿಯ ನಿವೃತ್ತ ಗಣಿತ ಶಿಕ್ಷಕ

ತೊಡಕು ಇರುವುದು ಸರಿಯಾಗಿ ಅಲ್ಲಿಯೇ. ಒಬ್ಬರು ಎಷ್ಟು ಕೊಟ್ಟರೆಂದು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ತರಗತಿಯ ಕರಿಹಲಗೆಯ ಒಂದು ಮೂಲೆಯನ್ನು ಹೋಂವರ್ಕಿಗೆಂದೇ ಮೀಸಲಿಟ್ಟು, ಪ್ರತಿ ಶಿಕ್ಷಕರೂ ತಾವು ಕೊಟ್ಟ ಕೆಲಸವನ್ನೂ ಅದಕ್ಕೆ ಬೇಕಾಗುವ ನಿಮಿಷಗಳನ್ನೂ ಅಲ್ಲಿ ಬರೆಯಲಿ, ಮಿತಿ ತುಂಬಿದ ಮೇಲೆ ಬಂದವರು ಮರುದಿನಕ್ಕೆ ಕಾಯಲಿ ಎಂದು ಕೇಳಿ. ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಈ ಕ್ರಮವಿತ್ತು. ಮೊದಲು ಕೆಲವು ಶಿಕ್ಷಕರು ಆಕ್ಷೇಪಿಸಿದರೂ ಕ್ರಮೇಣ ಒಪ್ಪಿಕೊಂಡರು. ತಿದ್ದಬೇಕಾದ ಪುಸ್ತಕಗಳ ರಾಶಿ ಅವರಿಗೂ ಕಡಿಮೆಯಾಗಿತ್ತು. ಮನವಿಗೆ ಇನ್ನೂ ನಾಲ್ಕೈದು ಪೋಷಕರ ಸಹಿ ಹಾಕಿಸಿ, ಮುಖ್ಯೋಪಾಧ್ಯಾಯರಿಗೆ ಸಭೆಯ ಮುನ್ನವೇ ತಲುಪಿಸಿ.