ಹಿತ್ತಲಲ್ಲಿ ಹೆಗ್ಗಣದ ಬಿಲ, ಸಂಪಿನ ಪಕ್ಕದ ನೆಲ ಕುಸಿಯುತ್ತಿದೆ. ಯಾವ ಕ್ರಮದಲ್ಲಿ ಹೋಗಬೇಕು?

ಬಸಳೆಚಪ್ಪರ

ತುಮಕೂರಿನ ಹೊರವಲಯ, 40×60 ಸೈಟು. ಹಿಂದೆ ಹಿತ್ತಲು, ಅದರಾಚೆ ರಾಗಿ ಹೊಲ. ಕಾಂಪೌಂಡ್ ಗೋಡೆಯ ಬುಡದಲ್ಲಿ, ಬಾಳೆ ಬುಡದಲ್ಲಿ, ಸಂಪಿನ ಪಕ್ಕದಲ್ಲಿ ಒಟ್ಟು 11 ಬಿಲ. ಕೆಸುವಿನ ಗೆಡ್ಡೆ, ಗೆಣಸು ಒಂದೂ ಉಳಿದಿಲ್ಲ. ಸಂಪಿನ ಪಕ್ಕ ಹಾಸಿದ ಕಲ್ಲು ಎರಡು ಇಂಚು ಇಳಿದಿದೆ. ಬಿಲಕ್ಕೆ ಕಲ್ಲು, ಗಾಜಿನ ಚೂರು ಹಾಕಿ ಮುಚ್ಚಿದರೆ ಎರಡೇ ದಿನಕ್ಕೆ ಪಕ್ಕದಲ್ಲಿ ಹೊಸ ಬಿಲ. ಕಾಳಿನ ಚೀಲಕ್ಕೆ ಹಾಕುವ ಗುಳಿಗೆಯನ್ನು ಬಿಲದೊಳಗೆ ಹಾಕಿ ಅಂತ ಅಕ್ಕಪಕ್ಕದವರು ಹೇಳ್ತಿದ್ದಾರೆ. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು, ಒಂದು ನಾಯಿ, ಐದಾರು ನಾಟಿಕೋಳಿ ಇವೆ. ಎಲ್ಲಿಂದ ಶುರು ಮಾಡಲಿ?

ಹೊಲಗದ್ದೆ

ಮೊದಲು ಆ ಗುಳಿಗೆ ವಿಷಯ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಮಣ್ಣಿನ ತೇವ ತಗುಲಿದ ಕೂಡಲೇ ಫಾಸ್ಫೀನ್ ಅನಿಲ ಬಿಡುತ್ತದೆ. ಅದಕ್ಕೆ ಮದ್ದಿಲ್ಲ. ತಳಪಾಯದ ಬಿರುಕು, ಪೈಪಿನ ಸಂದು ಹಿಡಿದು ಮಲಗುವ ಕೋಣೆಗೇ ಬಂದುಬಿಡಬಹುದು. ಸಾಮಾನ್ಯರಿಗೆ ಅದನ್ನು ಮಾರುವಂತೆಯೇ ಇಲ್ಲ, ಪರವಾನಗಿ ಇರುವವರು ಮಾತ್ರ ಬಳಸಬೇಕು. ಮನೆಗೆ ಅಂಟಿದ ಬಿಲಕ್ಕೆ ಅವರೂ ಹಾಕಬಾರದು. ಯಾರು ತಂದುಕೊಟ್ಟರೂ ಬೇಡ ಅನ್ನಿ.

ಈಗ ಕೆಲಸಕ್ಕೆ ಬನ್ನಿ. 11 ಬಿಲವೂ ಜೀವಂತ ಅಂದುಕೊಳ್ಳಬೇಡಿ. ಸಂಜೆ ಎಲ್ಲಾ ಬಿಲದ ಬಾಯಿಗೂ ಹಸಿ ಮಣ್ಣು ಮೆತ್ತಿ, ಪಕ್ಕದಲ್ಲಿ ಒಂದೊಂದು ಕಡ್ಡಿ ನೆಟ್ಟು ಸಂಖ್ಯೆ ಹಾಕಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಮಾತ್ರ ಪ್ರಾಣಿ ಇದೆ. ಇನ್ನು ಮುಂದೆ ಮಾಡುವ ಪ್ರತಿ ಕೆಲಸವೂ ಆ ಬಿಲಗಳಿಗಷ್ಟೇ.

ಯಾರ ಬಿಲ ಅನ್ನೋದನ್ನೂ ನೋಡಿ. ಎರಡೂವರೆ ಮೂರು ಇಂಚಿನ ಬಾಯಿ, ಮುಂದೆ ಪುಡಿ ಮಣ್ಣಿನ ಗುಡ್ಡೆ, ಎಷ್ಟೋ ಸಲ ಒಳಗಿನಿಂದಲೇ ಮಣ್ಣು ತುರುಕಿ ಮುಚ್ಚಿಕೊಂಡಿದ್ದರೆ ಅದು ಹೊಲದ ಸಣ್ಣ ಹೆಗ್ಗಣ. ಬಾಯಿ ನಾಲ್ಕು ಇಂಚಿಗಿಂತ ಅಗಲವಾಗಿ, ಚರಂಡಿ ಇಲ್ಲವೇ ಗೋಡೆಗೆ ಒತ್ತಿಕೊಂಡಿದ್ದರೆ ದೊಡ್ಡ ಹೆಗ್ಗಣ. ಅದು ಒಂದು ಕಿಲೋ ದಾಟಿ ಬೆಳೆಯುತ್ತದೆ. ಬಾಯಿಯ ಸುತ್ತ ಕೆಸರಿನ ಉಂಡೆಗಳಿದ್ದರೆ ಏಡಿ, ಬಿಟ್ಟುಬಿಡಿ. ಉಡದ ಬಿಲ ಆಗಿದ್ದರೆ ಮುಟ್ಟಲೇಬೇಡಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು, ಅರಣ್ಯ ಇಲಾಖೆಗೆ ಹೇಳಿ.

ಚೂಪು ಮೂತಿಯ, ಕಿಚ್ ಕಿಚ್ ಅನ್ನುತ್ತ ಗೋಡೆ ಬುಡದಲ್ಲಿ ಓಡುವ ಸುಂಡಿಲಿ ಕಂಡರೆ ಕೊಲ್ಲಬೇಡಿ. ವಾಸನೆ ಕೆಟ್ಟದ್ದು ನಿಜ, ಆದರೆ ಅದು ತಿನ್ನುವುದು ಜಿರಳೆ, ಹುಳುಹುಪ್ಪಟೆ. ನಿಮ್ಮ ಗೆಡ್ಡೆ ತಿಂದದ್ದು ಅದಲ್ಲ.

ಬಸಳೆಚಪ್ಪರ

ನಿನ್ನೆ ಸಂಜೆ ಮುಚ್ಚಿದ್ದೆ. 11ರಲ್ಲಿ 5 ತೆರೆದಿವೆ. ಬಾಳೆ ಬುಡದಲ್ಲಿ 2, ಕಾಂಪೌಂಡ್ ಬುಡದಲ್ಲಿ 1, ಇವಕ್ಕೆ ಪುಡಿ ಮಣ್ಣಿನ ಗುಡ್ಡೆ ಇದೆ. ಉಳಿದ 2 ಸಂಪಿನ ಹತ್ತಿರ, ಬಚ್ಚಲ ನೀರಿನ ಚೇಂಬರ್‌ಗೂ ಸಂಪಿಗೂ ನಡುವೆ. ಅವುಗಳ ಬಾಯಿ ದೊಡ್ಡದು.

ಬೋನುಗಾರ

ಹಾಗಾದರೆ ಎರಡು ಜಾತಿ ಇವೆ. ಮಕ್ಕಳು, ಕೋಳಿ ಇರುವ ಮನೆಗೆ ಬೋನೇ ಮೊದಲು, ಪಾಷಾಣ ಆಮೇಲೆ. ಬೋನು ಇಟ್ಟರೂ ಬೀಳಲ್ಲ ಅಂತ ದೂರುವವರಲ್ಲಿ ಹೆಚ್ಚಿನವರು ಮೊದಲ ರಾತ್ರಿಯೇ ಬಾಗಿಲು ಬೀಳುವಂತೆ ಕೊಕ್ಕೆ ಹಾಕಿಟ್ಟಿರುತ್ತಾರೆ. ಹೆಗ್ಗಣಕ್ಕೆ ಹೊಸ ವಸ್ತು ಅಂದರೆ ಅನುಮಾನ. ಮೂರು ರಾತ್ರಿ ಬಾಗಿಲು ತೆರೆದು ಕಟ್ಟಿ, ಒಳಗೆ ತಿಂಡಿ ಇಟ್ಟು ಸುಮ್ಮನೆ ಬಿಡಿ. ಹೆದರದೆ ತಿಂದು ಹೋಗಲಿ. ನಾಲ್ಕನೇ ರಾತ್ರಿ ಕೊಕ್ಕೆ ಹಾಕಿ.

ದೊಡ್ಡದಕ್ಕೆ ಅಂಗಡಿಯ ಚಿಕ್ಕ ಇಲಿಬೋನು ಸಾಲದು. ಹಿಂಭಾಗ ಹೊರಗುಳಿದು ಬಾಗಿಲು ಪೂರ್ತಿ ಬೀಳಲ್ಲ, ಒಮ್ಮೆ ತಪ್ಪಿಸಿಕೊಂಡದ್ದು ಮತ್ತೆ ಹತ್ತಿರ ಬರಲ್ಲ. ಕನಿಷ್ಠ ಒಂದೂವರೆ ಅಡಿ ಉದ್ದ, ಎಂಟು ಇಂಚು ಅಗಲ, ಎಂಟು ಇಂಚು ಎತ್ತರದ, ಬೆಸುಗೆ ಹಾಕಿದ ಗಟ್ಟಿ ತಂತಿಯ ಬೋನು ತನ್ನಿ. ಗೋಡೆಗೆ ಉದ್ದುದ್ದಕ್ಕೆ ಒತ್ತಿಸಿ ಇಡಿ, ಅವು ಓಡಾಡುವುದೇ ಗೋಡೆ ಸವರಿಕೊಂಡು. ಮೇಲೆ ಗೋಣಿಚೀಲ ಹೊದಿಸಿ, ಅಲುಗದಂತೆ ಒಂದು ಇಟ್ಟಿಗೆ ಹೇರಿ. ಒಳಗೆ ಕೆಂಡದಲ್ಲಿ ಸುಟ್ಟ ಕೊಬ್ಬರಿ ಚೂರು, ಇಲ್ಲವೇ ಒಣಮೀನು. ಕೊಕ್ಕೆಗೆ ದಾರದಿಂದ ಬಿಗಿಯಾಗಿ ಕಟ್ಟಿ. ಸುಮ್ಮನೆ ಸಿಕ್ಕಿಸಿದರೆ ಬೋನು ಬೀಳಿಸದೆ ಬಿಡಿಸಿಕೊಂಡು ಹೋಗುತ್ತವೆ.

ಬಾಳೆ ಬುಡದ ಸಣ್ಣ ಹೆಗ್ಗಣಕ್ಕೆ ಸ್ಪ್ರಿಂಗಿನ ಇಲಿಕತ್ತರಿ ಒಳ್ಳೆಯದು, ಒಂದೇ ಏಟಿಗೆ ಮುಗಿಯುತ್ತದೆ. ಮಗುವಿನ ಕೈ, ಕೋಳಿಯ ಕಾಲು ಸಿಗದಂತೆ ಮೇಲೆ ಹಳೆಯ ಮರದ ಪೆಟ್ಟಿಗೆ ಕವುಚಿ ಹಾಕಿ, ಗೋಡೆ ಕಡೆ ಮಾತ್ರ ಮೂರು ಇಂಚಿನ ಕಂಡಿ ಬಿಡಿ. ಅಂಟುಹಲಗೆ ಬೇಡ. ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ, ಹಲ್ಲಿ, ಗುಬ್ಬಿ, ಹಾವಿನ ಮರಿ ಎಲ್ಲವೂ ಅಂಟಿಕೊಳ್ಳುತ್ತವೆ. ಬೋನಿಗೆ ಬಿದ್ದದ್ದನ್ನು ಊರಾಚೆ ಬಿಟ್ಟು ಬರುವುದು ಅಂದರೆ ಇನ್ನೊಬ್ಬರ ಹೊಲಕ್ಕೆ ಕಾಟ ಸಾಗಿಸಿದಂತೆ.

ಸತ್ತದ್ದನ್ನು ಬರಿಗೈಯಲ್ಲಿ ಎತ್ತಬೇಡಿ. ಕೈಗೆ ಕವುಚಿಕೊಂಡ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು, ಎರಡು ಅಡಿ ಆಳದಲ್ಲಿ ಸುಣ್ಣ ಹಾಕಿ ಹೂಳಿ. ಇಲಿಜ್ವರ ಹರಡುವುದು ಅವುಗಳ ಮೂತ್ರದಿಂದ. ಬಿಲದ ಮಣ್ಣು ಕೆದಕುವಾಗ ರಬ್ಬರ್ ಗವಸು, ಗಂಬೂಟು ಇರಲಿ. ಕಾಲಲ್ಲಿ ಗಾಯ ಇದ್ದರೆ ಆ ದಿನ ಕೆದಕಬೇಡಿ.

ಹೊಲಗದ್ದೆ

ಬೋನು ಸರಿ. ಆದರೆ ಪಕ್ಕದಲ್ಲೇ ರಾಗಿ ಹೊಲ ಇರುವಾಗ ಬರೀ ಬೋನಿಂದ ತೀರಲ್ಲ. ಸಣ್ಣ ಹೆಗ್ಗಣ ಗಬ್ಬವಾಗಿ ಸುಮಾರು ಮೂರು ವಾರಕ್ಕೆ ಮರಿ ಹಾಕುತ್ತದೆ, ಒಂದು ಸೂಲಿಗೆ ಐದರಿಂದ ಹತ್ತು. ಹೊಲದಲ್ಲಿ ನಾವು ಜಿಂಕ್ ಫಾಸ್ಫೈಡ್ ಹಾಕುವ ಕ್ರಮ ಹೀಗೆ: ಮೊದಲು ಎರಡು ದಿನ ವಿಷವಿಲ್ಲದ ತಿಂಡಿ, 98 ಭಾಗ ಕಾಳಿನ ನುಚ್ಚಿಗೆ 2 ಭಾಗ ಕಡಲೆಕಾಯಿ ಎಣ್ಣೆ ಕಲಸಿ ಬಿಲಕ್ಕೆ 20 ಗ್ರಾಂ. ಮೂರನೇ ದಿನ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಪಾಷಾಣ ಕೋಲಿನಲ್ಲಿ ಕಲಸಿ ಬಿಲಕ್ಕೆ 10 ಗ್ರಾಂ ಪೊಟ್ಟಣ. ಆ ಎರಡು ದಿನದ ತಿಂಡಿ ತಪ್ಪಿಸಿದರೆ ಹೆಗ್ಗಣ ಸ್ವಲ್ಪವೇ ಮೂಸಿ ತಿಂದು, ಹೊಟ್ಟೆ ಕೆಟ್ಟು ಬದುಕುಳಿದು, ವಾರಗಟ್ಟಲೆ ಆ ತಿಂಡಿ ಮುಟ್ಟಲ್ಲ.

ಊರಬಾಗಿಲು

ಹೊಲಗದ್ದೆಯವರೇ, ಲೆಕ್ಕ ಸರಿ, ಆದರೆ ಜಾಗ ಸರಿಯಿಲ್ಲ. ಕೋಳಿ ಕೆದಕುವ ಹಿತ್ತಲಲ್ಲಿ ಕಾಳಿನ ರೂಪದ ಪಾಷಾಣ ಖಂಡಿತ ಬೇಡ. ಜಿಂಕ್ ಫಾಸ್ಫೈಡ್‌ಗೂ ಮದ್ದಿಲ್ಲ. ಟೂತ್‌ಪೇಸ್ಟಿನಂಥ ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಇಲಿ ಪೇಸ್ಟ್ ಅದಕ್ಕಿಂತ ಘೋರ, ಯಕೃತ್ತನ್ನೇ ಕೊಲ್ಲುತ್ತದೆ. ಚಿಕ್ಕ ಮಕ್ಕಳಿರುವ ಮನೆಯ ಕಪಾಟಿನಲ್ಲೂ ಅದು ಇರಕೂಡದು.

ಬೋನಿಗೆ ಬಗ್ಗದೆ ಪಾಷಾಣ ಹಾಕಲೇಬೇಕಾಗಿ ಬಂದರೆ 0.005% ಬ್ರೋಮಾಡಿಯೋಲೋನ್ ಮೇಣದ ಬಿಲ್ಲೆ ತನ್ನಿ. ತಿಂದ ಹೆಗ್ಗಣ ಸಾಯುವುದು ಕೆಲವು ದಿನದ ನಂತರ, ಹಾಗಾಗಿ ತಿಂಡಿಯ ಮೇಲೆ ಅನುಮಾನ ಬರಲ್ಲ, ಮೊದಲ ಎರಡು ದಿನ ಬರೀ ತಿಂಡಿ ಇಡುವ ಕೆಲಸವೂ ಇಲ್ಲ. ಬಿಲ್ಲೆಗೆ ತಂತಿ ಪೋಣಿಸಿ ಜೀವಂತ ಬಿಲದೊಳಗೆ ಒಂದು ಮೊಳ ತಳ್ಳಿ, ತಂತಿಯ ಇನ್ನೊಂದು ತುದಿಯನ್ನು ಹೊರಗೆ ಗೂಟಕ್ಕೆ ಕಟ್ಟಿ. ಇಲ್ಲದಿದ್ದರೆ ಅವು ಎಳೆದು ಹೊರಗೆ ಚೆಲ್ಲುತ್ತವೆ, ನಾಯಿ ಬಾಯಿ ಹಾಕುತ್ತದೆ. ಬಿಲದ ಬಾಯಿಗೆ ಒಣ ಎಲೆ ಮುಚ್ಚಿ, ಮೇಲೆ ಹೆಂಚು. ಕೋಳಿಗಳನ್ನು ಅಷ್ಟೂ ದಿನ ಗೂಡಿನಲ್ಲೇ ಇಡಿ. ವಾರ ಬಿಟ್ಟು ಮತ್ತೆ ಮಣ್ಣು ಮೆತ್ತಿ ನೋಡಿ, ತೆರೆದ ಬಿಲಕ್ಕೆ ಮಾತ್ರ ಇನ್ನೊಂದು ಬಿಲ್ಲೆ. ಮುಗಿದ ಮೇಲೆ ಉಳಿದ ಬಿಲ್ಲೆಗಳನ್ನು ತಂತಿ ಎಳೆದು ವಾಪಸ್ ತೆಗೆಯಿರಿ.

ಈ ವಿಷ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ನಾಯಿ ತಿಂದರೆ ಎರಡು ಮೂರು ದಿನ ಏನೂ ಕಾಣಲ್ಲ, ಆಮೇಲೆ ವಸಡಿನಲ್ಲಿ ರಕ್ತ, ನಿತ್ರಾಣ. ಲಕ್ಷಣ ಬರಲಿ ಅಂತ ಕಾಯದೆ ಪೊಟ್ಟಣ ಹಿಡಿದುಕೊಂಡೇ ಪಶುವೈದ್ಯರ ಹತ್ತಿರ ಹೋಗಿ. ವಿಟಮಿನ್ ಕೆ1 ಇದಕ್ಕೆ ಮದ್ದು, ಕೆಲವು ವಾರ ಕೊಡಬೇಕಾಗುತ್ತದೆ. ಮಗು ಬಾಯಿಗೆ ಹಾಕಿಕೊಂಡರೆ ತಕ್ಷಣ 108. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಬೇಡ.

ವಿಷ ತಿಂದು ತೂರಾಡುವ ಹೆಗ್ಗಣವನ್ನು ಗೂಬೆ, ಬೆಕ್ಕು ಹಿಡಿದರೆ ಅವಕ್ಕೂ ವಿಷ ಏರುತ್ತದೆ. ಬೋನಿಗೆ ಬಗ್ಗುವುದಾದರೆ ಇದರ ತಂಟೆಯೇ ಬೇಡ ಅನ್ನುವುದು ಅದಕ್ಕೇ. ಕೇರೆ ಹಾವು ಹಿತ್ತಲಿಗೆ ಬಂದರೆ ಓಡಿಸಬೇಡಿ. ವಿಷವಿಲ್ಲದ ಹಾವು, ಬಿಲದೊಳಗೇ ನುಗ್ಗಿ ಹಿಡಿಯಬಲ್ಲದ್ದು.

ಗಾರೆಕೆಲಸ

ಎಲ್ಲರೂ ಪ್ರಾಣಿಯ ಬಗ್ಗೆ ಮಾತಾಡ್ತಿದ್ದೀರಿ, ನಾನು ಚೇಂಬರ್ ಬಗ್ಗೆ ಹೇಳ್ತೀನಿ. ದೊಡ್ಡ ಬಿಲ ಎರಡೂ ಚೇಂಬರ್‌ಗೂ ಸಂಪಿಗೂ ನಡುವೆ ಅಂದಿರಿ. ಪೈಪಿನ ಕೀಲು ಬಿಟ್ಟಿದ್ದರೆ ಹೆಗ್ಗಣ ರಸ್ತೆ ಚರಂಡಿಯಿಂದ ಪೈಪಿನೊಳಗೇ ಬಂದು, ಆ ಸಂದಿನಿಂದ ಮಣ್ಣಿಗೆ ಹೊರಡುತ್ತದೆ. ಸೋರುವ ನೀರೂ ಮಣ್ಣು ಕೊಚ್ಚುತ್ತದೆ, ಕಲ್ಲು ಇಳಿಯಲು ಅದೂ ಕಾರಣ ಇರಬಹುದು. ಪರೀಕ್ಷೆ ಸುಲಭ: ರಸ್ತೆ ಕಡೆಯ ಪೈಪಿನ ಬಾಯಿಗೆ ಬಟ್ಟೆ ತುರುಕಿ ಮುಚ್ಚಿ, ಚೇಂಬರ್ ತುಂಬ ನೀರು ಬಿಟ್ಟು, ಮಟ್ಟಕ್ಕೆ ಬಳಪದಲ್ಲಿ ಗೆರೆ ಎಳೆದು ಅರ್ಧ ಗಂಟೆ ಕಾಯಿರಿ. ಮಟ್ಟ ಇಳಿದರೆ ಚೇಂಬರ್ ಗೋಡೆಯೋ ಪೈಪೋ ಸೋರುತ್ತಿದೆ. ಅದನ್ನು ಸರಿಮಾಡದೆ ಎಷ್ಟು ಹೆಗ್ಗಣ ಹಿಡಿದರೂ ಚರಂಡಿಯಿಂದ ಇನ್ನೊಂದು ಬರುತ್ತಲೇ ಇರುತ್ತದೆ. ರಿಪೇರಿ ಆದ ಮೇಲೆ ಪೈಪು ರಸ್ತೆ ಚರಂಡಿಗೆ ಬೀಳುವಲ್ಲಿ ಕಬ್ಬಿಣದ ಜಾಲರಿ ಕೂರಿಸಿ, ಸರಳುಗಳ ನಡುವೆ 10 ಮಿ.ಮೀ. ಮಾತ್ರ ಸಂದು. ಕೂದಲು, ಎಲೆ ಕಟ್ಟಿಕೊಳ್ಳುತ್ತದೆ, ವಾರಕ್ಕೊಮ್ಮೆ ತೆಗೆಯಬೇಕು.

ಬಿಲ ಮುಚ್ಚುವುದು ಕೊನೆಯ ಕೆಲಸ. ಸತತ ಮೂರು ರಾತ್ರಿ ಒಂದೂ ತೆರೆಯದಿದ್ದರೆ ಮಾತ್ರ ಗಾರೆ ಕಲಸಿ. ಒಳಗೆ ಜೀವ ಇದ್ದಾಗ ಮುಚ್ಚಿದ್ದಕ್ಕೇ ನಿಮಗೆ ಪಕ್ಕದಲ್ಲಿ ಹೊಸ ಬಿಲ ಬಂದದ್ದು. ಬಿಲಕ್ಕೆ ನೀರು ಬಿಟ್ಟು ಓಡಿಸುವುದೂ ಸಂಪಿನ ಹತ್ತಿರ ಬೇಡ, ತಳದ ಮಣ್ಣೇ ಜಾರಿಹೋಗುತ್ತದೆ. ಸಂಪಿನ ಪಕ್ಕ ಇಳಿದ ಕಲ್ಲು ಎತ್ತಿ, ಸುರಂಗ ಎಲ್ಲಿವರೆಗೆ ಇದೆಯೋ ಅಲ್ಲಿವರೆಗೆ ಅಗೆದು ತೆರೆಯಿರಿ. ಮಣ್ಣು ತುಂಬಿದರೆ ಮತ್ತೆ ತೋಡುತ್ತವೆ, 1:4:8 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು ಹಾಕಿ, ಜಲ್ಲಿ 40 ಮಿ.ಮೀ. ಕೈಗೆಟುಕದ ಸುರಂಗಕ್ಕೆ ಒಂದಕ್ಕೆ ಮೂರರಂತೆ ಸಿಮೆಂಟು ಮರಳು ನೀರಾಗಿ ಕಲಸಿ ಸುರಿಯಿರಿ.

ಕಾಂಪೌಂಡ್ ಬುಡಕ್ಕೆ ಅರ್ಧ ಇಂಚು ಕಣ್ಣಿನ ಜಿ.ಐ. ವೆಲ್ಡ್ ಮೆಶ್, ಅಂದರೆ ಸತು ಲೇಪಿಸಿದ ಬೆಸುಗೆ ಜಾಲರಿ. ಗೋಡೆಗೆ ಒತ್ತಿ ಎರಡು ಅಡಿ ಆಳ ಕಾಲುವೆ ತೆಗೆದು, ಮೆಶ್ ನೆಟ್ಟಗೆ ಇಳಿಸಿ, ಕೆಳಗಿನ ಒಂದು ಅಡಿಯನ್ನು ಹೆಗ್ಗಣ ಬರುವ ಕಡೆಗೆ, ಅಂದರೆ ಹೊಲದ ಕಡೆಗೆ ಮಡಿಸಿ. ತೋಡುತ್ತ ಬಂದದ್ದು ಮೆಶ್ ತಗುಲಿ ಕೆಳಗೆ ಇಳಿಯುತ್ತದೆ, ಮಡಿಕೆ ಸಿಕ್ಕಿ ಅಲ್ಲೇ ನಿಲ್ಲುತ್ತದೆ. ಮೂರು ಅಡಿ ಅಗಲದ ಸುರುಳಿ ತಂದರೆ ಲೆಕ್ಕ ಸರಿಹೋಗುತ್ತದೆ. ಕೋಳಿಗೂಡಿಗೆ ಹಾಕುವ ಆರುಮೂಲೆ ಜಾಲರಿ ಅಗ್ಗ ಅಂತ ತರಬೇಡಿ, ತಂತಿ ತೆಳು, ಹರಿದುಹಾಕುತ್ತವೆ.

ಬಸಳೆಚಪ್ಪರ

ಚೇಂಬರ್ ನೀರು ಅರ್ಧ ಗಂಟೆಗೆ ನಾಲ್ಕು ಇಂಚು ಇಳಿಯಿತು. ಹಾಗಾದರೆ ಅಲ್ಲಿಂದಲೇ ಶುರು. ಎರಡು ಸಣ್ಣ ಪ್ರಶ್ನೆ: ಮೆಣಸಿನಕಾಯಿ ಹೊಗೆ, ನುಸಿಗುಳಿಗೆ, ಶಬ್ದದ ಯಂತ್ರ ಕೆಲಸ ಮಾಡುತ್ತವಾ? ಸಂಪಿನ ನೀರು ಬಳಸಬಹುದಾ?

ಊರಬಾಗಿಲು

ಹೊಗೆಗೆ ಒಂದೆರಡು ದಿನ ಹೊರಗೆ ಹೋಗಿ ವಾಪಸ್ ಬರುತ್ತವೆ. ನುಸಿಗುಳಿಗೆಯ ವಾಸನೆ ಬಯಲಲ್ಲಿ ನಿಲ್ಲಲ್ಲ, ಮಕ್ಕಳು ಮಿಠಾಯಿ ಅಂದುಕೊಳ್ಳುವ ಅಪಾಯ ಬೇರೆ. ಯಂತ್ರದ ಶಬ್ದ ಮಣ್ಣೊಳಗೆ ತಲುಪುವುದೇ ಇಲ್ಲ. ಬ್ಲೀಚಿಂಗ್ ಪುಡಿ ಹಾಕಿ ಮೇಲೆ ಆಸಿಡ್ ಸುರಿಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಬರುವುದು ಕ್ಲೋರಿನ್ ಅನಿಲ.

ದುಡ್ಡು ಬೇಡದ ಕೆಲಸ ಇಂದೇ ಮಾಡಿ: ಕೋಳಿ ಕಾಳು, ನಾಯಿಯ ಅನ್ನದ ತಟ್ಟೆ ಸಂಜೆ ಆರಕ್ಕೆ ಒಳಗೆ. ಬಿದ್ದ ತೆಂಗಿನಕಾಯಿ ಆಯ್ದು ತೆಗೆಯಿರಿ. ಸೌದೆ, ಹೆಂಚಿನ ರಾಶಿ ನೆಲದಿಂದ ಒಂದು ಅಡಿ ಮೇಲೆ. ಗೊಬ್ಬರದ ಗುಂಡಿಯ ತಳಕ್ಕೂ ಅದೇ ಮೆಶ್. ಹೊರಗೆ ತಿನ್ನಲು ಸಿಗದಿದ್ದಾಗಲೇ ಬೋನಿನ ಕೊಬ್ಬರಿಗೆ ಬೆಲೆ.

ಗಾರೆಕೆಲಸ

ಸಂಪಿನ ನೀರು ಸದ್ಯಕ್ಕೆ ಕುಡಿಯಲು, ಅಡುಗೆಗೆ ಬೇಡ. ಪೂರ್ತಿ ಖಾಲಿ ಮಾಡಿ ಒಳಗೋಡೆಯಲ್ಲಿ ಬಿರುಕು, ಜಿನುಗು ನೋಡಿ, ಇದ್ದರೆ ವಾಟರ್‌ಪ್ರೂಫ್ ಗಾರೆ. ಒಳಗೆ ಇಳಿಯುವ ಮುಂಚೆ ಮುಚ್ಚಳ ತೆಗೆದು ಗಾಳಿಯಾಡಲು ಬಿಡಿ, ಮೇಲೆ ಒಬ್ಬರು ನಿಂತಿರಲಿ. ಓವರ್‌ಫ್ಲೋ ಪೈಪಿನ ಬಾಯಿಗೂ ಜಾಲರಿ ಕಟ್ಟಿ. ತೊಳೆದು, ಬ್ಲೀಚಿಂಗ್ ನೀರು ಬಳಿದು, ಆ ನೀರು ಹೊರಗೆ ಹಾಕಿದ ಮೇಲೆ ಹೊಸ ನೀರು ತುಂಬಿಸಿ.

ಹೊಲಗದ್ದೆ

ರಾಗಿ ಕೊಯ್ಲಿಗೆ ಮುಂಚೆ ಮೆಶ್ ಕೆಲಸ ಮುಗಿಸಿ. ಕೊಯ್ಲಾದ ವಾರದಲ್ಲೇ ಹೊಲದ ಹೆಗ್ಗಣ ಊರ ಕಡೆ ತಿರುಗುತ್ತದೆ. ಹೊಲದ ಯಜಮಾನರನ್ನೂ ಕೂಡಿಸಿಕೊಂಡು ಬೇಸಿಗೆಯಲ್ಲಿ ಬದು ಕೆತ್ತಿ ಬಿಲ ಅಗೆಸಿ. ಬದು ಅಗಲವಾಗಿ, ಕಳೆ ಬೆಳೆದು ನಿಂತಿದ್ದರೆ ಅದೇ ಅವುಗಳ ಮನೆ. ಒಂದೂವರೆ ಅಡಿಗೆ ಇಳಿಸಿದರೆ ಬಿಲ ತೋಡಲು ಜಾಗ ಸಾಲುವುದಿಲ್ಲ.