ಅಪ್‌ಡೇಟ್: ಸಿಗ್ವಿನ್‌ನಲ್ಲಿ ಕಾಮ್3 ಪೋರ್ಟ್ ತೆರೆಯುತ್ತಿದೆ

ಕೇಳಿದ್ದು ಇಷ್ಟು: ವಿಂಡೋಸ್ ಕಾಮ್3 ಎಂದು ತೋರಿಸುವ ಸೀರಿಯಲ್ ಅಡಾಪ್ಟರ್ ಸಿಗ್ವಿನ್‌ನಲ್ಲಿ (ವಿಂಡೋಸ್ ಮೇಲೆ ಲಿನಕ್ಸ್ ಮಾದರಿಯ ಆಜ್ಞೆಗಳನ್ನು ಓಡಿಸುವ ತಂತ್ರಾಂಶ) ‘/ಡೆವ್/ಟಿಟಿವೈಎಸ್3’ ಎಂದು ಕೊಟ್ಟರೆ ಏಕೆ ತೆರೆಯುವುದಿಲ್ಲ? ಉತ್ತರ ಸಿಕ್ಕಿದೆ. ವಿಂಡೋಸ್ ಪೋರ್ಟ್‌ಗಳನ್ನು 1ರಿಂದ ಎಣಿಸುತ್ತದೆ, ಸಿಗ್ವಿನ್ 0ಯಿಂದ. ಹಾಗಾಗಿ ಕಾಮ್3 ಎಂದರೆ ಟಿಟಿವೈಎಸ್2. ‘ಎಸ್‌ಟಿಟಿವೈ -ಎಫ್ /ಡೆವ್/ಟಿಟಿವೈಎಸ್2 115200 ರಾ -ಎಕೋ’ ಕೊಟ್ಟು ಪೋರ್ಟ್‌ನ ವೇಗ ಮತ್ತು ವಿಧಾನ ಹೊಂದಿಸಿದ ಮೇಲೆ ಡೇಟಾ ಸರಿಯಾಗಿ ಬರುತ್ತಿದೆ. ‘ರಾ’ ಬಿಡಬೇಡಿ, ಅದಿಲ್ಲದಿದ್ದರೆ ಟರ್ಮಿನಲ್ ಪದರ ಸಾಲಿನ ಕೊನೆಯ ಅಕ್ಷರಗಳನ್ನು ಬದಲಿಸಿ ಬೈನರಿ ಡೇಟಾ ಕೆಡಿಸಬಹುದು.

ಟಿಟಿವೈಎಸ್2 ಎಂಬ ಹೆಸರು ನಡೆಯುವುದು ಸಿಗ್ವಿನ್ ಪ್ರೋಗ್ರಾಂಗಳ ಒಳಗೆ ಮಾತ್ರ. ಅದೇ ಶೆಲ್‌ನಿಂದ (ಆಜ್ಞೆ ಟೈಪ್ ಮಾಡುವ ಕಿಟಕಿ) ಓಡಿಸಿದರೂ ವಿಂಡೋಸ್‌ನ ಸ್ವಂತ ಪ್ರೋಗ್ರಾಂಗೆ ಕಾಮ್3 ಎಂದೇ ಕೊಡಬೇಕು. ಪೋರ್ಟ್ ಸಂಖ್ಯೆ 9 ದಾಟಿದರೆ ಅಲ್ಲಿ ‘\\.\ಕಾಮ್10’ ರೂಪ ಬೇಕಾಗುತ್ತದೆ; ಸಿಗ್ವಿನ್‌ಗೆ ಟಿಟಿವೈಎಸ್9 ಸಾಕು. ಸಾಮಾನ್ಯ ಫೈಲ್‌ಗಳ ಪಾಥ್ ಅನ್ನು ವಿಂಡೋಸ್ ರೂಪಕ್ಕೆ ಬದಲಿಸಲು ‘ಸಿಗ್‌ಪಾಥ್ -ಡಬ್ಲ್ಯೂ’ ಬಳಸಿ. ಸ್ಕ್ರಿಪ್ಟ್‌ನಲ್ಲಿ ‘-ಎಂ’ ಇನ್ನೂ ಅನುಕೂಲ: ಹಿಂದೋರೆಗೆರೆಯ (\) ಬದಲು ಮುಂದೋರೆಗೆರೆ (/) ಬರುವುದರಿಂದ ಶೆಲ್ ಅದನ್ನು ನುಂಗುವುದಿಲ್ಲ.

ಡಿಸ್ಕ್‌ಗಳಿಗೂ ಹೀಗೇ ಬೇರೆ ಹೆಸರು, ಆದರೆ ಇಲ್ಲಿ ತಪ್ಪಿದರೆ ಡೇಟಾ ಹೋಗುತ್ತದೆ. ವಿಂಡೋಸ್‌ನ ಡಿಸ್ಕ್ 0 ಇಲ್ಲಿ ‘/ಡೆವ್/ಎಸ್‌ಡಿಎ’, ಡಿಸ್ಕ್ 1 ‘/ಡೆವ್/ಎಸ್‌ಡಿಬಿ’. ‘ಡಿಡಿ’ (ಡಿಸ್ಕ್‌ಗೆ ನೇರವಾಗಿ ಡೇಟಾ ಬರೆಯುವ ಆಜ್ಞೆ) ಓಡಿಸುವ ಮುನ್ನ ‘ಕ್ಯಾಟ್ /ಪ್ರಾಕ್/ಪಾರ್ಟಿಷನ್ಸ್’ ನೋಡಿ ಗಾತ್ರ ಹೋಲಿಸಲೇಬೇಕು. ಶೆಲ್ ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿಲ್ಲದಿದ್ದರೆ ಅನುಮತಿ ಇಲ್ಲ ಎಂಬ ದೋಷ ಬರುತ್ತದೆ.

ವಿಂಡೋಸ್ ಡ್ರೈವ್‌ಗಳು ಸಿಗ್ವಿನ್‌ನಲ್ಲಿ ಕಾಣುವ ‘/ಸಿಗ್‌ಡ್ರೈವ್’ ಹೆಸರನ್ನು ‘/ಇಟಿಸಿ/ಎಫ್‌ಎಸ್‌ಟ್ಯಾಬ್’ನಲ್ಲಿ ಬದಲಿಸಿದ್ದರೆ ಎಲ್ಲ ಸಿಗ್ವಿನ್ ಪ್ರಕ್ರಿಯೆಗಳನ್ನೂ, ಹಿನ್ನೆಲೆಯಲ್ಲಿರುವ ಸೇವೆಗಳನ್ನೂ ಸೇರಿಸಿ, ಮುಚ್ಚಿ ಮತ್ತೆ ತೆರೆಯಿರಿ.