ಸಹಾಯ ಬೇಕು: ಮೋಲ್ಡ್ ಖರ್ಚಿಗೆ ಸೀಡ್ ಫಂಡ್ ಬಳಸಬಹುದೇ?

ನಮಸ್ಕಾರ. ಮನೆಯ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟವನ್ನು ಮೊಬೈಲಿಗೆ ತಿಳಿಸುವ ಸಣ್ಣ ಉಪಕರಣವೊಂದನ್ನು ನಾವಿಬ್ಬರು ಗೆಳೆಯರು ಬೆಂಗಳೂರಿನಲ್ಲಿ ತಯಾರಿಸಿದ್ದೇವೆ. ಕಂಪನಿ ನೋಂದಣಿಯಾಗಿ 14 ತಿಂಗಳಾಗಿದ್ದು, ಕೇಂದ್ರದ ಕೈಗಾರಿಕಾ ಇಲಾಖೆಯಾದ ಡಿಪಿಐಐಟಿಯಿಂದ ಸ್ಟಾರ್ಟ್‌ಅಪ್ ಎಂಬ ಮಾನ್ಯತೆಯೂ ದೊರೆತಿದೆ. ಪರಿಚಿತರ 30 ಮನೆಗಳಲ್ಲಿ ಸರ್ಕ್ಯೂಟ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಆದರೆ ತ್ರೀಡಿ ಪ್ರಿಂಟರಿನಲ್ಲಿ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಡಬ್ಬಿಯ ಮುಚ್ಚಳವು ಏಪ್ರಿಲ್ ಬಿಸಿಲಿಗೆ ಹಪ್ಪಳದಂತೆ ಸೊಟ್ಟಗಾಗಿ, ಮೊದಲ ಮಳೆಗೇ ಒಳಗೆ ನೀರಿಳಿಯಿತು. ಹೀಗಾಗಿ ಇಂಜೆಕ್ಷನ್ ಮೋಲ್ಡ್ (ಕರಗಿದ ಪ್ಲಾಸ್ಟಿಕ್ ತುಂಬಿ ಭಾಗಗಳನ್ನು ತಯಾರಿಸುವ ಅಚ್ಚು) ಅನಿವಾರ್ಯವಾಗಿದ್ದು, ಪೀಣ್ಯದಲ್ಲಿ ವಿಚಾರಿಸಿದಾಗ ಡಬ್ಬಿ, ಮುಚ್ಚಳ ಎರಡಕ್ಕೂ ಸೇರಿ 6 ಲಕ್ಷ ರೂಪಾಯಿಯ ಕೊಟೇಶನ್ ಬಂದಿದೆ.

ಬ್ಯಾಂಕಿನವರು ಅಡಮಾನ ಕೇಳಿದರು. ಹೂಡಿಕೆದಾರರೊಬ್ಬರು ಸಾವಿರ ಮಾರಿ ಬನ್ನಿ ಎಂದರು; ಮೋಲ್ಡ್ ಇಲ್ಲದೆ ಸಾವಿರ ಮಾರುವುದು ಹೇಗೆಂಬುದನ್ನು ಅವರೇ ಬಲ್ಲರು.

ಇನ್ನು ಉಳಿದಿರುವುದು ಹೊಸ ಕಂಪನಿಗಳಿಗೆ ಆರಂಭಿಕ ಹಣ ನೀಡಲು ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್. ಅದರಲ್ಲಿ ಮೂಲಮಾದರಿ ಮತ್ತು ಪ್ರಯೋಗಕ್ಕೆ 20 ಲಕ್ಷದವರೆಗೆ ಅನುದಾನವಿದ್ದು, ಮಾರುಕಟ್ಟೆ ಪ್ರವೇಶಕ್ಕೆ 50 ಲಕ್ಷದವರೆಗೆ ಸಾಲ ಅಥವಾ ಡಿಬೆಂಚರ್ (ಮುಂದೆ ಷೇರಾಗಿ ಬದಲಾಗಬಲ್ಲ ಸಾಲಪತ್ರ) ರೂಪದ ನೆರವಿದೆ. ಆದರೆ ಈ ಹಣವನ್ನು ಸೌಕರ್ಯಗಳ ನಿರ್ಮಾಣಕ್ಕೆ ಬಳಸಬಾರದೆಂಬ ಷರತ್ತೂ ಇದೆ. ನಮ್ಮ ಗೊಂದಲ ಇಲ್ಲಿಯೇ: ಮೋಲ್ಡ್ ಮೂಲಮಾದರಿಯ ಖರ್ಚೋ, ಸೌಕರ್ಯದ ನಿರ್ಮಾಣವೋ? ಇನ್‌ಕ್ಯುಬೇಟರ್ (ಹೊಸ ಕಂಪನಿಗಳಿಗೆ ನೆರವಾಗುವ ಸಂಸ್ಥೆ) ಮೂಲಕ ಈ ಹಣ ಪಡೆದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ: ನಿಮ್ಮ ಮೋಲ್ಡಿನ ಖರ್ಚನ್ನು ಅನುದಾನದಲ್ಲಿ ಮೂಲಮಾದರಿಯ ವೆಚ್ಚವೆಂದು ಒಪ್ಪಿದರೇ, ಅಥವಾ ಸಾಲದ ಭಾಗಕ್ಕೆ ಅರ್ಜಿ ಹಾಕಬೇಕಾಯಿತೇ?